ವ್ಯಾಟ್ ಎಣಿಸುವ ಮೊದಲು ಆಂಪಿಯರ್ ಎಣಿಸಿ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಕಾರ್ ಡೆಕೊರೇಟರ್ ಅಂಗಡಿಯಲ್ಲಾಗಲಿ, ಸಬ್‌ವೂಫರ್ ವ್ಯಾಪಾರ ಕುದುರುವುದು ವ್ಯಾಟ್ ಲೆಕ್ಕದಲ್ಲಿ. ಆಂಪ್ಲಿಫೈಯರ್ ಡಬ್ಬದ ಮೇಲೆ 2000, 3000, 5000 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಎದೆ ನಡುಗಿಸುವ ಬೇಸ್ ಬರುತ್ತದೆಂದು ನಂಬಿ ಜನ ದುಡ್ಡು ಸುರಿಯುತ್ತಾರೆ. ಆಮೇಲೆ ಬೇಸ್ ಬಡಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತದೆ, ಆಂಪ್ಲಿಫೈಯರ್ ಹಾಡಿನ ಮಧ್ಯೆ ತಾನೇ ಬಂದ್ ಆಗುತ್ತದೆ, ಬ್ಯಾಟರಿ ಕಾಲಕ್ಕೆ ಮುಂಚೆಯೇ ಕೈಕೊಡುತ್ತದೆ, ಸಬ್‌ವೂಫರ್‌ನಿಂದ ಸುಟ್ಟ ವಾಸನೆ ಬರುತ್ತದೆ. ಇಂಥ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಆಯ್ಕೆಯ ಕ್ರಮ ತಿರುವುಮುರುವಾದದ್ದರಿಂದ. ಮೊದಲು ಸಬ್‌ವೂಫರ್, ಆಮೇಲೆ ಅದಕ್ಕೆ ಆಂಪ್ಲಿಫೈಯರ್, ಕೊನೆಗೆ ಉಳಿದ ಚಿಲ್ಲರೆಯಲ್ಲಿ ವೈರು ಎಂಬುದು ಅಂಗಡಿಯ ರೂಢಿ. ಸರಿಯಾದ ಕ್ರಮ ಇದರ ಉಲ್ಟಾ. ಕಾರು ಎಷ್ಟು ಕರೆಂಟ್ ಕೊಡಬಲ್ಲದು ಎಂಬುದನ್ನು ಮೊದಲು ತಿಳಿಯಬೇಕು. ಆ ಕರೆಂಟಿನಿಂದ ಯಾವ ಆಂಪ್ಲಿಫೈಯರ್ ನಡೆಯುತ್ತದೆ, ಆ ಆಂಪ್ಲಿಫೈಯರ್‌ಗೆ ಯಾವ ಸಬ್‌ವೂಫರ್ ಮತ್ತು ಯಾವ ಪೆಟ್ಟಿಗೆ ಹೊಂದುತ್ತದೆ ಎಂಬುದು ಆಮೇಲಿನ ಮಾತು.

ಬೇಸ್‌ಗೆ ಇಷ್ಟೊಂದು ಶಕ್ತಿ ಯಾಕೆ ಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ನಮ್ಮ ಕಿವಿಯಲ್ಲೇ ಇದೆ. ತಗ್ಗು ಸ್ವರಗಳಿಗೆ ಮನುಷ್ಯನ ಕಿವಿ ಮಂದ ಎಂಬುದನ್ನು ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. 1000 ಹರ್ಟ್ಜ್‌ನ ಸದ್ದು ಎರಡು ಮೂರು ಡೆಸಿಬೆಲ್ ಇದ್ದರೂ ಕಿವಿಗೆ ಬೀಳುತ್ತದೆ. 40 ಹರ್ಟ್ಜ್‌ನ ಸದ್ದು ಕೇಳಿಸಬೇಕಾದರೆ ಸುಮಾರು 50 ಡೆಸಿಬೆಲ್ ದಾಟಬೇಕು. ಉಳಿದರ್ಧ ಉತ್ತರ ಸ್ಪೀಕರ್‌ನಲ್ಲಿದೆ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಕೊಡುವ ಸಬ್‌ವೂಫರ್ ತನಗೆ ಸಿಕ್ಕ ವಿದ್ಯುತ್ತಿನಲ್ಲಿ ಶೇಕಡಾ ಕಾಲು ಭಾಗವನ್ನಷ್ಟೇ ಶಬ್ದವಾಗಿಸುತ್ತದೆ. ಅಂದರೆ ಸಾವಿರ ವ್ಯಾಟ್ ಹರಿಸಿದರೆ ಶಬ್ದವಾಗಿ ಹೊರಬರುವುದು ಎರಡೂವರೆ ವ್ಯಾಟ್. ಮಿಕ್ಕದ್ದೆಲ್ಲ ಕಾಯಿಲ್‌ನಲ್ಲಿ ಶಾಖವಾಗಿ ಹೋಗುತ್ತದೆ. ಕಾಯಿಲ್ ಬಿಸಿಯಾದಷ್ಟೂ ತಾಮ್ರದ ರೋಧ ಏರುತ್ತದೆ, ಅದು ಎಳೆದುಕೊಳ್ಳುವ ಶಕ್ತಿ ಇಳಿಯುತ್ತದೆ. ಕಾಗದದ ಮೇಲಿನ ವ್ಯಾಟ್ ಕಿವಿಯವರೆಗೆ ಬರುವ ದಾರಿಯಲ್ಲಿ ಇಷ್ಟೆಲ್ಲ ಸೋರಿಕೆ ಇರುವಾಗ, ವ್ಯಾಟ್ ಒಂದನ್ನೇ ನಂಬಿ ಕೊಳ್ಳುವುದು ಜಾಣತನವಲ್ಲ.

ಕಾರಿನ 12 ವೋಲ್ಟ್‌ನಿಂದ ಸಾವಿರ ವ್ಯಾಟ್ ಹೇಗೆ ಬರುತ್ತದೆ ಎಂಬುದನ್ನು ತಿಳಿದರೆ ಮುಂದಿನ ಲೆಕ್ಕ ಸಲೀಸಾಗುತ್ತದೆ. ಡ್ಯಾಶ್‌ಬೋರ್ಡಿನ ಸ್ಟೀರಿಯೋ ನೇರವಾಗಿ ಬ್ಯಾಟರಿಯ ವೋಲ್ಟೇಜ್ ಬಳಸಿ 4 ಓಮ್ ಸ್ಪೀಕರ್ ನಡೆಸುತ್ತದೆ. ಹಾಗಾಗಿ ಅದು ಶುದ್ಧವಾಗಿ ಕೊಡಬಲ್ಲದ್ದು ಸ್ಪೀಕರ್ ಒಂದಕ್ಕೆ ಸುಮಾರು 18 ವ್ಯಾಟ್ ಮಾತ್ರ; ಮುಖದ ಮೇಲೆ ನಾಲ್ಕು ಗುಣಿಲೆ 50 ಎಂದು ಬರೆದಿದ್ದರೂ ಸರಿಯೆ. 1 ಓಮ್ ಸಬ್‌ವೂಫರ್‌ಗೆ ಸಾವಿರ ವ್ಯಾಟ್ ಕೊಡಬೇಕಾದರೆ ಅದರ ತುದಿಗಳಲ್ಲಿ 31.6 ವೋಲ್ಟ್ ಎಸಿ ಇರಬೇಕು, ಅದರ ಶಿಖರ 45 ವೋಲ್ಟ್ ಮುಟ್ಟುತ್ತದೆ. ಇದಕ್ಕಾಗಿಯೇ ಆಂಪ್ಲಿಫೈಯರ್‌ನ ಒಳಗೆ ಮೊದಲು ಒಂದು ಸ್ವಿಚಿಂಗ್ ಪವರ್ ಸಪ್ಲೈ ಕೂತು 12 ವೋಲ್ಟನ್ನು ಮೇಲಕ್ಕೆ ಏರಿಸುತ್ತದೆ. ವೋಲ್ಟೇಜ್ ಏರಿದಷ್ಟೂ ಬ್ಯಾಟರಿ ಕಡೆಯಿಂದ ಎಳೆಯುವ ಕರೆಂಟ್ ಏರಲೇಬೇಕು. ಶಕ್ತಿ ಎಲ್ಲಿಂದಲೂ ಉಕ್ಕಿ ಬರುವುದಿಲ್ಲ. ಕ್ಲಾಸ್ ಡಿ ಆಂಪ್ಲಿಫೈಯರ್‌ನ ದಕ್ಷತೆ ಶೇ. 80 ಎಂದಿಟ್ಟುಕೊಂಡರೆ 1000 ವ್ಯಾಟ್ ಹೊರಬರಲು 1250 ವ್ಯಾಟ್ ಒಳಗೆ ಹೋಗಬೇಕು. ಎಂಜಿನ್ ಓಡುತ್ತಿರುವಾಗಿನ 13.8 ವೋಲ್ಟ್‌ನಿಂದ ಭಾಗಿಸಿದರೆ ಅದು 90 ಆಂಪಿಯರ್. ಹಳೆಯ ಕ್ಲಾಸ್ ಎಬಿ ಆಂಪ್ಲಿಫೈಯರ್‌ನ ದಕ್ಷತೆ ಶೇ. 50ರ ಆಸುಪಾಸು, ಅದೇ ಕೆಲಸಕ್ಕೆ ಅದು 145 ಆಂಪಿಯರ್ ಕೇಳುತ್ತದೆ. ಸಬ್‌ವೂಫರ್‌ಗೆ ಕ್ಲಾಸ್ ಡಿ ಮೊನೊಬ್ಲಾಕ್ (ಒಂದೇ ಚಾನೆಲ್‌ನ ಆಂಪ್ಲಿಫೈಯರ್) ಆರಿಸಿ ಎಂಬ ಸಲಹೆಯ ಹಿಂದಿರುವುದು ಈ 55 ಆಂಪಿಯರ್ ವ್ಯತ್ಯಾಸವೇ.

ಈ ಲೆಕ್ಕವನ್ನೇ ಹಿಮ್ಮುಖವಾಗಿ ನಡೆಸಿದರೆ ಡಬ್ಬದ ಮೇಲಿನ ಬರಹದ ಬಣ್ಣ ಅಂಗಡಿಯಲ್ಲೇ ಬಯಲಾಗುತ್ತದೆ. ಆಂಪ್ಲಿಫೈಯರನ್ನು ಮಗುಚಿ, ಪವರ್ ವೈರ್ ಸೇರುವ ಜಾಗದಲ್ಲಿ ಸಿಕ್ಕಿಸಿರುವ ಬಣ್ಣಬಣ್ಣದ ಫ್ಯೂಸ್‌ಗಳನ್ನು ನೋಡಿ. ಮುಖದ ಮೇಲೆ 3000 ವ್ಯಾಟ್ ಎಂದು ಬರೆದು, ಹಿಂದೆ 30 ಆಂಪಿಯರ್‌ನ ಎರಡು ಫ್ಯೂಸ್ ಹಾಕಿದ್ದರೆ ಒಟ್ಟು 60 ಆಂಪಿಯರ್. 13.8 ವೋಲ್ಟ್‌ನಿಂದ ಗುಣಿಸಿದರೆ ಒಳಗೆ ಹೋಗಬಲ್ಲದ್ದು 828 ವ್ಯಾಟ್. ಕ್ಲಾಸ್ ಡಿ ಆದರೆ ಹೊರಗೆ ಬರುವುದು ಹೆಚ್ಚೆಂದರೆ 660 ವ್ಯಾಟ್, ಕ್ಲಾಸ್ ಎಬಿ ಆದರೆ 400ರಿಂದ 450. ಫ್ಯೂಸ್ ಕ್ಷಣಮಾತ್ರದ ಹೆಚ್ಚುವರಿ ಕರೆಂಟನ್ನು ತಡೆದುಕೊಳ್ಳುತ್ತದೆ ನಿಜ, ಆದರೆ 660 ಇದ್ದದ್ದು 3000 ಆಗುವುದಕ್ಕೆ ಅದು ಸಾಲದು. ಇಂಥ ಗೊಂದಲ ತಪ್ಪಿಸಲೆಂದೇ ಅಮೆರಿಕದಲ್ಲಿ 2003ರಲ್ಲಿ ಸಿಇಎ-2006 ಎಂಬ ಮಾನದಂಡ ಬಂತು. 14.4 ವೋಲ್ಟ್‌ನಲ್ಲಿ, 4 ಓಮ್ ಹೊರೆಗೆ, ವಿರೂಪ ಮತ್ತು ನಾಯ್ಸ್ ಸೇರಿ ಶೇ. 1 ಮೀರದಂತೆ ಎಷ್ಟು ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡಬಲ್ಲ, ವ್ಯಾಟ್ ಬರುತ್ತದೆಂದು ಅದರಡಿ ಹೇಳಬೇಕು. ಕಂಪನಿಗಳು ಇದನ್ನು ಸ್ವಇಚ್ಛೆಯಿಂದ ಪಾಲಿಸುವುದರಿಂದ ಎಲ್ಲ ಡಬ್ಬಗಳಲ್ಲೂ ಆ ಗುರುತು ಕಾಣುವುದಿಲ್ಲ. ಗುರುತು ಇಲ್ಲದ ಕಡೆ ಫ್ಯೂಸ್ ಲೆಕ್ಕವೇ ಗ್ರಾಹಕನ ಕೈಯಲ್ಲಿರುವ ತಕ್ಕಡಿ. 'ಪೀಕ್', 'ಮ್ಯಾಕ್ಸ್' ಎಂಬ ಪದ ಕಂಡರೆ ಆ ಸಂಖ್ಯೆಯನ್ನು ಪಕ್ಕಕ್ಕಿಟ್ಟು ಆರ್‌ಎಂಎಸ್ ಎಷ್ಟು ಎಂದು ಮಾತ್ರ ಕೇಳಿ.

ಈಗ ಕಾರಿನ ಕಡೆ ತಿರುಗೋಣ. ಕಾರಿನಲ್ಲಿ ವಿದ್ಯುತ್ ಉತ್ಪಾದಿಸುವುದು ಆಲ್ಟರ್ನೇಟರ್ ಒಂದೇ. ಆಲ್ಟರ್ನೇಟರ್ ಕೊಳವೆಬಾವಿಯಾದರೆ ಬ್ಯಾಟರಿ ಮನೆಯ ಸಂಪು. ಸಂಪು ಎಷ್ಟು ದೊಡ್ಡದಿದ್ದರೂ ಬಾವಿಯ ಇಳುವರಿಗಿಂತ ಹೆಚ್ಚು ನೀರನ್ನು ದಿನವೂ ಬಳಸಲಾಗದು. ನಮ್ಮ ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಸಾಮಾನ್ಯವಾಗಿ 60ರಿಂದ 90 ಆಂಪಿಯರ್‌ನ ಆಲ್ಟರ್ನೇಟರ್ ಇರುತ್ತದೆ. ಆ ಸಂಖ್ಯೆಯೂ ಎಲ್ಲ ಹೊತ್ತಿನ ಮಾತಲ್ಲ. ಆಲ್ಟರ್ನೇಟರ್ ನಿಮಿಷಕ್ಕೆ 6000 ಸುತ್ತು ತಿರುಗುವಾಗಿನ ಉತ್ಪಾದನೆಯನ್ನು ಅದರ ಸಾಮರ್ಥ್ಯವೆಂದು ಹೇಳುವುದು ರೂಢಿ. ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ 800 ಸುತ್ತಿನಲ್ಲಿರುತ್ತದೆ, ಪುಲ್ಲಿಯ ಅನುಪಾತದಿಂದ ಆಲ್ಟರ್ನೇಟರ್ 2000–2400 ಸುತ್ತು ತಿರುಗಬಹುದು. ಆಗ 80 ಆಂಪಿಯರ್‌ನದು ಅದರ ಅರ್ಧದಷ್ಟು ಕೊಟ್ಟರೆ ಹೆಚ್ಚು. ಬಾನೆಟ್‌ನ ಒಳಗೆ ಬಿಸಿಯೇರಿದಂತೆ ಅದೂ ಇಳಿಯುತ್ತದೆ. ಅದೇ ಹೊತ್ತಿನಲ್ಲಿ ಹ್ಯಾಲೊಜೆನ್ ಹೆಡ್‌ಲೈಟ್ ಜೋಡಿ 8 ಆಂಪಿಯರ್ ತಿನ್ನುತ್ತದೆ. ಎಸಿ ಬ್ಲೋವರ್, ರೇಡಿಯೇಟರ್ ಫ್ಯಾನ್, ಇಂಧನ ಪಂಪು, ಎಂಜಿನ್ ಕಂಪ್ಯೂಟರ್ ಎಲ್ಲ ಸೇರಿದರೆ ಇನ್ನೂ 30 ಆಂಪಿಯರ್ ಆಚೀಚೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಸಂಜೆ ಎಸಿ ಹಾಕಿಕೊಂಡು ನಿಂತ ಕಾರಿನಲ್ಲಿ ಸಬ್‌ವೂಫರ್‌ಗೆಂದು ಉಳಿಯುವುದು ಹೆಚ್ಚುಕಡಿಮೆ ಸೊನ್ನೆ. ಹೆದ್ದಾರಿಯಲ್ಲಿ 30–40 ಆಂಪಿಯರ್ ಉಳಿಯುತ್ತದೆ. ಆಂಪ್ಲಿಫೈಯರ್ ಆಯ್ಕೆ ಶುರುವಾಗಬೇಕಾದ್ದು ಈ ಉಳಿಕೆಯಿಂದ.

ಹಾಗಾದರೆ ಸಾವಿರ ವ್ಯಾಟ್ ಹಾಕಿಸಿಕೊಂಡವರ ಕಾರುಗಳು ಹೇಗೆ ಓಡುತ್ತಿವೆ ಎಂಬ ಆಕ್ಷೇಪ ನ್ಯಾಯವಾದದ್ದು. ಸಂಗೀತ ಒಂದೇ ಸಮನೆ ಗುಡುಗುವುದಿಲ್ಲ, ಬಡಿತಗಳ ನಡುವೆ ಬಿಡುವು ಇರುತ್ತದೆ. ಆದ್ದರಿಂದ ಸರಾಸರಿ ಕರೆಂಟ್ ಗರಿಷ್ಠದ ಮೂರನೇ ಒಂದು ಭಾಗವೆಂದು ಹಿಡಿಯುವುದು ಈ ಕಸುಬಿನವರ ಪದ್ಧತಿ. ಪೆಟ್ಟಿಗೆಯೊಳಗಿನ ಸಬ್‌ವೂಫರ್‌ನ ರೋಧ ಕೆಲವು ಸ್ವರಗಳಲ್ಲಿ ಹೆಸರಿಗಿರುವ ಓಮ್‌ಗಿಂತ ಬಹಳ ಮೇಲಿರುವುದರಿಂದ ನಿಜವಾದ ಎಳೆತ ಇನ್ನೂ ಕಡಿಮೆಯಾಗುತ್ತದೆ. ಈ ರಿಯಾಯಿತಿ ಕೊಟ್ಟರೂ ಸಾವಿರ ವ್ಯಾಟ್‌ನ ಕ್ಲಾಸ್ ಡಿ ಸರಾಸರಿ 30 ಆಂಪಿಯರ್ ಕೇಳುತ್ತದೆ: ಹೆದ್ದಾರಿಯಲ್ಲಿ ಹೇಗೋ ನಡೆದೀತು, ಊರೊಳಗಿನ ಟ್ರಾಫಿಕ್‌ನಲ್ಲಿ ಪ್ರತಿ ನಿಮಿಷವೂ ಬ್ಯಾಟರಿಯ ಸಾಲ. ತಬಲಾ, ಮೃದಂಗ ಇರುವ ಹಾಡಿಗೆ ಮೂರನೇ ಒಂದು ಭಾಗದ ಲೆಕ್ಕ ಉದಾರವಾಯಿತು; ಡಿಜೆ ರಿಮಿಕ್ಸ್‌ಗಳ ಎಡೆಬಿಡದ ಬೇಸ್‌ಗೆ ಅದು ಸಾಲದು. ಸರಾಸರಿ ಸರಿಹೋದರೂ ಶಿಖರದ 90 ಆಂಪಿಯರ್ ಬಂದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಒಳಗಿನ ಪವರ್ ಸಪ್ಲೈ ನಿಯಂತ್ರಿತವಲ್ಲದ ಆಂಪ್ಲಿಫೈಯರ್‌ನಲ್ಲಿ ಶಕ್ತಿ ವೋಲ್ಟೇಜ್‌ನ ವರ್ಗದಂತೆ ಇಳಿಯುವುದರಿಂದ, 14.4 ವೋಲ್ಟ್‌ನಲ್ಲಿ 1000 ವ್ಯಾಟ್ ಕೊಡುವುದು 12.6ರಲ್ಲಿ 766ಕ್ಕೆ ಬರುತ್ತದೆ. ಹಾಡು ಅತಿ ಹೆಚ್ಚು ಶಕ್ತಿ ಕೇಳುವ ಕ್ಷಣದಲ್ಲೇ ಕೊಂಡ ವ್ಯಾಟ್ ಕೈಬಿಡುತ್ತದೆ.

ಇದಕ್ಕೆ ಅಂಗಡಿಯಲ್ಲಿ ಸಿಗುವ ಮೊದಲ ಮದ್ದು ಕೆಪಾಸಿಟರ್. ನೀಲಿ ದೀಪದಲ್ಲಿ ವೋಲ್ಟೇಜ್ ತೋರಿಸುವ, ಕೈಗೆ ಭಾರವೆನಿಸುವ 1 ಫ್ಯಾರಡ್ ಸಿಲಿಂಡರ್ ನೋಡಲು ಚೆಂದ. ಅದು 14.4ರಿಂದ 12 ವೋಲ್ಟ್‌ಗೆ ಇಳಿಯುವಷ್ಟರಲ್ಲಿ ಹೊರಹಾಕುವ ಶಕ್ತಿ ಸುಮಾರು 32 ಜೂಲ್. ಸೆಕೆಂಡಿಗೆ 1250 ಜೂಲ್ ಬೇಡುವ ನಮ್ಮ ಆಂಪ್ಲಿಫೈಯರ್‌ಗೆ ಇದು ಸೆಕೆಂಡಿನ ನಲವತ್ತನೇ ಒಂದು ಭಾಗಕ್ಕೆ ಸಾಕಾಗುತ್ತದೆ. 40 ಹರ್ಟ್ಜ್ ಬೇಸ್‌ನ ಒಂದೇ ಒಂದು ಅಲೆಗೆ ಹಿಡಿಯುವ ಸಮಯವೂ ಅಷ್ಟೇ. ಒಂದು ಅಲೆ ಮುಗಿದರೆ ಕೆಪಾಸಿಟರ್ ಬರಿದು, ಮತ್ತೆ ಅದನ್ನು ತುಂಬಬೇಕಾದ್ದು ಅದೇ ಆಲ್ಟರ್ನೇಟರ್. ಎರಡನೆಯ ಮದ್ದು ಡಿಕ್ಕಿಯಲ್ಲಿ ಇನ್ನೊಂದು ಬ್ಯಾಟರಿ. ಒಳರೋಧ ಕಡಿಮೆಯಿರುವ ಎಜಿಎಂ ಬ್ಯಾಟರಿ ಆಂಪ್ಲಿಫೈಯರ್ ಪಕ್ಕದಲ್ಲೇ ಇದ್ದರೆ ಕ್ಷಣಿಕ ಕುಸಿತ ನಿಜಕ್ಕೂ ತಗ್ಗುತ್ತದೆ. ಕೆಪಾಸಿಟರ್‌ಗೆ ಹಾಕುವ ದುಡ್ಡು ಇಲ್ಲಿ ಹೆಚ್ಚು ಬಾಳುತ್ತದೆ. ಆದರೆ ದಿನದ ಖರ್ಚು ಆದಾಯಕ್ಕಿಂತ ಹೆಚ್ಚಿದ್ದರೆ ಎರಡೂ ಬ್ಯಾಟರಿ ಒಟ್ಟಿಗೆ ಬತ್ತುತ್ತವೆ. ಎಂಜಿನ್ ನಿಲ್ಲಿಸಿ ಹಾಡು ಹಾಕುವವರು ಇದನ್ನು ನೆನಪಿಡಬೇಕು: ಬ್ಯಾಟರಿಯ ಮೇಲಿನ 35 ಆಂಪಿಯರ್-ಗಂಟೆ ಎಂಬುದು 20 ಗಂಟೆ ನಿಧಾನವಾಗಿ ಬಳಸಿದಾಗಿನ ಲೆಕ್ಕ, ಜೋರಾಗಿ ಎಳೆದರೆ ಅಷ್ಟೂ ಸಿಗುವುದಿಲ್ಲ. ಮೂರನೆಯ ಮದ್ದಾದ ದೊಡ್ಡ ಆಲ್ಟರ್ನೇಟರ್ ಒಂದೇ ಮೂಲಕ್ಕೆ ಕೈಹಾಕುವಂಥದ್ದು. ಅದಕ್ಕೂ ಬೆಲೆಯಿದೆ. 150 ಆಂಪಿಯರ್ ಉತ್ಪಾದಿಸುವಾಗ ಅದು ಎಂಜಿನ್‌ನಿಂದ ಸುಮಾರು 5 ಅಶ್ವಶಕ್ತಿ ಕಸಿಯುತ್ತದೆ, ಬೆಲ್ಟ್ ಮತ್ತು ಬ್ರಾಕೆಟ್ ಹೊಂದಬೇಕು, ಎಂಜಿನ್ ಕಂಪ್ಯೂಟರೇ ಆಲ್ಟರ್ನೇಟರನ್ನು ನಿಯಂತ್ರಿಸುವ ಹೊಸ ಕಾರುಗಳಲ್ಲಿ ಅದು ಸುಲಭವಲ್ಲ, ವಾರಂಟಿಯ ಪ್ರಶ್ನೆಯೂ ಇದೆ. ಸ್ಪರ್ಧೆಗೆಂದು ಕಾರು ಕಟ್ಟುವವರಿಗೆ ಇದು ಸರಿಯಾದ ದಾರಿ. ಆಫೀಸಿಗೆ ಹೋಗಿಬರುವ ಕಾರಿಗೆ ಬೇಕಿಲ್ಲ.

ಬೇಕಿಲ್ಲ ಎನ್ನಲು ಕಾರಣ ಡೆಸಿಬೆಲ್ ಲೆಕ್ಕದಲ್ಲಿದೆ. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ, ಅಷ್ಟೇ. ಸದ್ದು ದುಪ್ಪಟ್ಟಾಯಿತು ಎನಿಸಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. 86 ಡೆಸಿಬೆಲ್‌ನ ಸಬ್‌ವೂಫರ್‌ಗೆ 250 ವ್ಯಾಟ್ ಕೊಟ್ಟರೆ 110, 500 ಕೊಟ್ಟರೆ 113, 1000 ಕೊಟ್ಟರೆ 116. ಮುಚ್ಚಿದ ಕಾರಿನ ಒಳಗೆ ತಗ್ಗು ಸ್ವರಗಳು ಕ್ಯಾಬಿನ್‌ನ ಸಹಾಯದಿಂದ ಇನ್ನಷ್ಟು ಬಲಗೊಳ್ಳುವುದರಿಂದ 250 ವ್ಯಾಟ್‌ನಲ್ಲೇ ಸೀಟು ನಡುಗುವ ಬೇಸ್ ಸಿಗುತ್ತದೆ. ಇನ್ನೂ ಬೇಕೆನಿಸಿದರೆ ಕರೆಂಟ್ ಕೇಳದ ದಾರಿಗಳಿವೆ. ಅದೇ ಶಕ್ತಿಯನ್ನು ಒಂದರ ಬದಲು ಅಂಥದ್ದೇ ಎರಡು ಸಬ್‌ವೂಫರ್‌ಗಳಿಗೆ ಹಂಚಿದರೆ 3 ಡೆಸಿಬೆಲ್ ಏರುತ್ತದೆ. ಮುಚ್ಚಿದ ಪೆಟ್ಟಿಗೆಯ ಬದಲು ಸರಿಯಾಗಿ ಟ್ಯೂನ್ ಮಾಡಿದ ಪೋರ್ಟ್ ಪೆಟ್ಟಿಗೆ ಕಟ್ಟಿಸಿದರೆ ಟ್ಯೂನ್ ಆದ ಸ್ವರದ ಆಸುಪಾಸಿನಲ್ಲಿ ಅಷ್ಟೇ ಅಥವಾ ಇನ್ನೂ ಹೆಚ್ಚು ಸಿಗುತ್ತದೆ. ಡಿಕ್ಕಿಯ ಜಾಗ ಮಾತ್ರ ಬಿಟ್ಟುಕೊಡಬೇಕು. ಆಂಪ್ಲಿಫೈಯರನ್ನು 500ರಿಂದ 1000ಕ್ಕೆ ಏರಿಸಿದರೂ ಸಿಗುವುದು ಅದೇ 3 ಡೆಸಿಬೆಲ್, ಆದರೆ ಅದರ ಜೊತೆ 45 ಆಂಪಿಯರ್‌ನ ಹೆಚ್ಚುವರಿ ಹೊರೆ, ದಪ್ಪ ವೈರು, ದೊಡ್ಡ ಬ್ಯಾಟರಿ ಎಲ್ಲ ಸಾಲಾಗಿ ಬರುತ್ತವೆ. ಮರದ ಕೆಲಸಕ್ಕೆ ಹಾಕಿದ ಹಣ ವಿದ್ಯುತ್ತಿಗೆ ಹಾಕಿದ ಹಣಕ್ಕಿಂತ ಹೆಚ್ಚು ಬೇಸ್ ಕೊಡುತ್ತದೆ.

ಎಷ್ಟೇ ವ್ಯಾಟ್ ಆರಿಸಿದರೂ ವೈರಿನ ವಿಷಯದಲ್ಲಿ ಕೈಬಿಗಿ ಸಲ್ಲದು. ಬ್ಯಾಟರಿಯಿಂದ ಡಿಕ್ಕಿಗೆ ಸುಮಾರು 5 ಮೀಟರ್. ಅಷ್ಟು ಉದ್ದದ 8 ಗೇಜ್ ತಾಮ್ರದ ವೈರಿನಲ್ಲಿ 90 ಆಂಪಿಯರ್ ಹರಿದರೆ 0.9 ವೋಲ್ಟ್ ದಾರಿಯಲ್ಲೇ ಕಳೆದು, 80 ವ್ಯಾಟ್‌ಗೂ ಹೆಚ್ಚು ಶಾಖ ಕಾರ್ಪೆಟ್‌ನ ಕೆಳಗೆ ಹುಟ್ಟುತ್ತದೆ. ಗೇಜ್ ಸಂಖ್ಯೆ ಇಳಿದಷ್ಟೂ ವೈರು ದಪ್ಪ; 4 ಗೇಜ್ ಆದರೆ ನಷ್ಟ 0.4 ವೋಲ್ಟ್‌ಗಿಂತ ಕಡಿಮೆ. ಅಗ್ಗದ ಕಿಟ್‌ಗಳಲ್ಲಿ ಬರುವುದು ಬಹುಪಾಲು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಸಂಕ್ಷೇಪದಲ್ಲಿ ಸಿಸಿಎ. ಅದೇ ದಪ್ಪದ ತಾಮ್ರಕ್ಕೆ ಹೋಲಿಸಿದರೆ ಅದರ ರೋಧ ಒಂದೂವರೆ ಪಟ್ಟು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ: ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಸಿಸಿಎ. ತವರ ಲೇಪಿಸಿದ ಒಳ್ಳೆಯ ವೈರಿನಲ್ಲಿ ಹೊರಗೆ ಬಿಳಿ, ಒಳಗೆ ಕೆಂಪು. ಅರ್ಥಿಂಗ್ ವೈರು ಅಷ್ಟೇ ದಪ್ಪವಿರಲಿ, ಗಿಡ್ಡವಿರಲಿ, ಪೇಂಟ್ ಕೆರೆದು ಹೊಳೆಯುವ ಕಬ್ಬಿಣಕ್ಕೆ ಬೋಲ್ಟ್ ಆಗಲಿ. ಫ್ಯೂಸ್ ಮಾತ್ರ ಬ್ಯಾಟರಿಯಿಂದ 45 ಸೆಂಟಿಮೀಟರ್‌ನೊಳಗೆ ಇರಲೇಬೇಕು. ಆಂಪ್ಲಿಫೈಯರ್‌ನಲ್ಲೇ ಫ್ಯೂಸ್ ಇದೆಯಲ್ಲ, ಇನ್ನೊಂದು ಯಾಕೆ ಎನ್ನುವವರಿದ್ದಾರೆ. ಅದು ಆಂಪ್ಲಿಫೈಯರನ್ನು ಕಾಯುತ್ತದೆ, ಇದು ವೈರನ್ನು ಕಾಯುತ್ತದೆ. ಎಂಜಿನ್ ಹಿಂದಿನ ತಗಡನ್ನು ದಾಟುವ ಜಾಗದಲ್ಲಿ ವೈರಿನ ಸಿಪ್ಪೆ ಸವೆದು ಕಬ್ಬಿಣಕ್ಕೆ ತಗುಲಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಆಗ ಫ್ಯೂಸ್ ಇಲ್ಲದಿದ್ದರೆ ವೈರು ಕೆಂಪಗೆ ಕಾದು ಕಾರಿಗೆ ಬೆಂಕಿ ಹತ್ತುತ್ತದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಜೀವವನ್ನು ಪಣಕ್ಕಿಡಬಾರದು.

ಸಬ್‌ವೂಫರ್ ಮತ್ತು ಆಂಪ್ಲಿಫೈಯರ್ ಹೊಂದಿಸುವಾಗ ಓಮ್ ಲೆಕ್ಕ ಕೂಡಿಬರಬೇಕು. ಎರಡು ಕಾಯಿಲ್‌ಗಳಿರುವ 4 ಓಮ್ ಸಬ್‌ವೂಫರನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್, ಸರಣಿಯಲ್ಲಿ 8 ಓಮ್. 2 ಓಮ್‌ನದಾದರೆ 1 ಅಥವಾ 4. ಆಂಪ್ಲಿಫೈಯರ್ ಯಾವ ಓಮ್‌ಗೆ ಎಷ್ಟು ಆರ್‌ಎಂಎಸ್ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಬೇಕು. 1 ಓಮ್‌ಗೆ ಇಳಿಸಿ ಪೂರ್ತಿ ಹಿಂಡುವುದಕ್ಕಿಂತ 2 ಓಮ್‌ನಲ್ಲಿ ನಡೆಸಿದರೆ ಆಂಪ್ಲಿಫೈಯರ್ ತಂಪಾಗಿರುತ್ತದೆ, ದಕ್ಷತೆಯೂ ತುಸು ಮೇಲು. ಕಡಿಮೆ ಶಕ್ತಿಯ ಆಂಪ್ಲಿಫೈಯರ್ ಹಾಕಿದರೆ ಸಬ್‌ವೂಫರ್ ಸುಡುತ್ತದೆಂಬ ಮಾತು ಅಂಗಡಿಗಳಲ್ಲಿ ಬಲವಾಗಿದೆ, ದೊಡ್ಡ ಆಂಪ್ಲಿಫೈಯರ್ ಮಾರಲು ಅದೇ ವಾದ. ಕಡಿಮೆ ಶಕ್ತಿ ಯಾವ ಸ್ಪೀಕರನ್ನೂ ಸುಡುವುದಿಲ್ಲ. ಆಂಪ್ಲಿಫೈಯರ್ ತನ್ನ ಮಿತಿ ಮೀರಿದಾಗ ಅಲೆಯ ತಲೆ ಚಪ್ಪಟೆಯಾಗಿ ಚೌಕ ಅಲೆಯ ಕಡೆಗೆ ವಾಲುತ್ತದೆ, ಆಗ ಹೊರಡುವ ಸರಾಸರಿ ಶಕ್ತಿ ಹೇಳಿದ್ದರ ಎರಡು ಪಟ್ಟಿನವರೆಗೂ ಹೋಗಬಹುದು. ಕಾಯಿಲ್ ಸುಡುವುದು ಆ ಹೆಚ್ಚುವರಿ ಶಾಖದಿಂದ. ವೋಲ್ಟೇಜ್ ಕುಸಿದ ಕಾರಿನಲ್ಲಿ ಈ ಮಿತಿ ಬೇಗ ಬರುವುದರಿಂದ ದೊಡ್ಡ ಆಂಪ್ಲಿಫೈಯರ್ ಕೂಡ ರಕ್ಷಣೆಯಲ್ಲ. ರಕ್ಷಣೆ ಇರುವುದು ಗೇನ್ ಹೊಂದಾಣಿಕೆಯಲ್ಲಿ. ಗೇನ್ ಎಂಬುದು ವಾಲ್ಯೂಮ್ ಗುಂಡಿ ಅಲ್ಲ, ಸ್ಟೀರಿಯೋದ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಂಡಿ. ಬೇಸ್ ಬೂಸ್ಟ್ ಸೊನ್ನೆಗಿಟ್ಟು, ಸಬ್‌ವೂಫರ್ ವೈರು ಬಿಚ್ಚಿ, 40 ಅಥವಾ 50 ಹರ್ಟ್ಜ್‌ನ ಟೆಸ್ಟ್ ಟೋನ್ ನುಡಿಸಿ, ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಹಿಡಿಯಿರಿ. 2 ಓಮ್‌ಗೆ 500 ವ್ಯಾಟ್ ಗುರಿಯಾದರೆ ಮೀಟರ್ 31.6 ವೋಲ್ಟ್ ಎಸಿ ತೋರಿಸುವ ಕಡೆ ಗೇನ್ ನಿಲ್ಲಿಸಿದರೆ ಆಯಿತು.

ಮಿತಿಗಿಂತ ದೊಡ್ಡ ಆಂಪ್ಲಿಫೈಯರ್ ಕೊಂಡು ಅರ್ಧ ಶಕ್ತಿಯಲ್ಲಿ ನಡೆಸಿದರೆ ಒಳ್ಳೆಯದಲ್ಲವೇ ಎಂಬುದು ಕೊನೆಯ ಆಕ್ಷೇಪ. ಅದರಲ್ಲಿ ಹುರುಳಿದೆ. ಸ್ವಲ್ಪ ಮೀಸಲು ಇದ್ದರೆ ವಿರೂಪ ಕಡಿಮೆ, ಯಂತ್ರಕ್ಕೂ ಬಾಳಿಕೆ. ಆದರೆ ಆ ಮೀಸಲು ಇರಬೇಕಾದ್ದು ವೋಲ್ಟೇಜ್‌ನಲ್ಲೂ ಹೌದು. ಕಾರು ಕೊಡಲಾಗದ ಮೀಸಲು ಕಾಗದದ ಮೇಲಷ್ಟೇ ಉಳಿಯುತ್ತದೆ. ಅದನ್ನು ಪರೀಕ್ಷಿಸಲು ಅದೇ ಮಲ್ಟಿಮೀಟರ್ ಸಾಕು. ಎಂಜಿನ್ ಐಡ್ಲಿಂಗ್‌ನಲ್ಲಿಟ್ಟು, ಎಸಿ, ಹೆಡ್‌ಲೈಟ್ ಹಾಕಿ, ಜೋರಾಗಿ ಹಾಡು ನುಡಿಸಿ ಬ್ಯಾಟರಿಯ ತುದಿಗಳನ್ನು ಅಳೆಯಿರಿ. 13.5ರ ಮೇಲೆ ನಿಂತರೆ ಆಲ್ಟರ್ನೇಟರ್ ತೂಗಿಸುತ್ತಿದೆ. 13ರ ಕೆಳಗೆ ಇಳಿದು ಅಲ್ಲೇ ಉಳಿದರೆ ಬ್ಯಾಟರಿ ಸಾಲ ಕೊಡುತ್ತಿದೆ. ಕಂಪ್ಯೂಟರ್ ನಿಯಂತ್ರಿತ ಆಲ್ಟರ್ನೇಟರ್ ಇರುವ ಕಾರು ಉಳಿತಾಯಕ್ಕಾಗಿ ತಾನೇ ವೋಲ್ಟೇಜ್ ಇಳಿಸುವುದರಿಂದ, ಹಾಡು ನಿಲ್ಲಿಸಿಯೂ ಒಮ್ಮೆ ಅಳೆದು ಹೋಲಿಸಬೇಕು. ಅಂಥ ಕಾರಿನ ಬ್ಯಾಟರಿ ನೆಗೆಟಿವ್‌ನಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ; ಆಂಪ್ಲಿಫೈಯರ್‌ನ ಅರ್ಥಿಂಗನ್ನು ನೇರವಾಗಿ ಆ ತುದಿಗೆ ಕಟ್ಟದೆ ಕಾರಿನ ಲೋಹದ ಮೈಗೆ ಕೊಡಬೇಕು, ಇಲ್ಲವಾದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ. ಇನ್ನು ಬ್ಯಾಟರಿಯಲ್ಲಿ 13.6 ಇದ್ದು ಆಂಪ್ಲಿಫೈಯರ್ ತುದಿಯಲ್ಲಿ 12.6 ಕಂಡರೆ ಒಂದು ವೋಲ್ಟ್ ನುಂಗುತ್ತಿರುವುದು ವೈರು ಅಥವಾ ಅರ್ಥಿಂಗ್, ಅದಕ್ಕೆ ಹೊಸ ಬ್ಯಾಟರಿ ಮದ್ದಲ್ಲ.

ಈ ಎಲ್ಲ ಲೆಕ್ಕ ಸೇರಿ ನಮ್ಮ ರಸ್ತೆಯ ಸಾಮಾನ್ಯ ಹ್ಯಾಚ್‌ಬ್ಯಾಕ್‌ಗೆ ತೋರಿಸುವ ದಾರಿ ಸ್ಪಷ್ಟವಾಗಿದೆ. 300ರಿಂದ 500 ಆರ್‌ಎಂಎಸ್ ವ್ಯಾಟ್‌ನ ಕ್ಲಾಸ್ ಡಿ ಮೊನೊಬ್ಲಾಕ್, 4 ಗೇಜ್‌ನ ಶುದ್ಧ ತಾಮ್ರದ ವೈರು, ಬ್ಯಾಟರಿ ಪಕ್ಕದಲ್ಲಿ ಸರಿಯಾದ ಫ್ಯೂಸ್, ಲೆಕ್ಕ ಹಾಕಿ ಕಟ್ಟಿದ ಪೆಟ್ಟಿಗೆ ಇಷ್ಟಿದ್ದರೆ ಆಲ್ಟರ್ನೇಟರ್ ಮುಟ್ಟದೆ, ಎರಡನೇ ಬ್ಯಾಟರಿ ಹೊರದೆ, ವರ್ಷಗಟ್ಟಲೆ ತುಂಬು ಬೇಸ್ ಕೇಳಬಹುದು. ಸಾವಿರ ವ್ಯಾಟ್ ಬೇಕೇ ಬೇಕು ಎನ್ನುವವರು ಹಾಕಿಸಿಕೊಳ್ಳಲಿ, ತಪ್ಪೇನಿಲ್ಲ. ಆದರೆ ಅವರು ಮೊದಲು ದುಡ್ಡು ಎತ್ತಿಡಬೇಕಾದ್ದು ಆಲ್ಟರ್ನೇಟರ್‌ಗೆ, ಆಮೇಲೆ ಬ್ಯಾಟರಿಗೆ, ಆಮೇಲೆ ವೈರಿಗೆ. ಆಂಪ್ಲಿಫೈಯರ್‌ನ ಸರದಿ ನಾಲ್ಕನೆಯದು. ಮುಂದಿನ ಸಲ ಅಂಗಡಿಯವರು ಎಷ್ಟು ವ್ಯಾಟ್ ಬೇಕು ಎಂದು ಕೇಳಿದರೆ, ನಿಮ್ಮ ಕಾರಿನ ಆಲ್ಟರ್ನೇಟರ್ ಎಷ್ಟು ಆಂಪಿಯರ್‌ನದು ಎಂಬುದನ್ನು ಮೊದಲು ಹೇಳಿ. ಆ ಸಂಖ್ಯೆಯಿಂದ ಲೆಕ್ಕ ಶುರುಮಾಡಬಲ್ಲ ಕುಶಲಕರ್ಮಿ ಸಿಕ್ಕರೆ ನಿಮ್ಮ ಕಾರನ್ನು ಧೈರ್ಯವಾಗಿ ಅವರ ಕೈಗೆ ಒಪ್ಪಿಸಬಹುದು.